ಬಲ್ಲವನೂ ಹೊಸಬನೂ ಕೂಡಿ ಆಡುವ ಬಗೆ

ಕೂಡಿ ಆಡಬೇಕೆಂದು ಹೊರಟ ಗೆಳೆಯರ ಗುಂಪಿನಲ್ಲಿ ಸಮಬಲರೇ ಸೇರಿರುವುದು ಅಪೂರ್ವ. ಒಬ್ಬನು ಹಲವು ವರ್ಷಗಳ ಅಭ್ಯಾಸದಿಂದ ಕೈ ಪಳಗಿಸಿಕೊಂಡವನು. ಇನ್ನೊಬ್ಬನು ಬಿಡುವು ದೊರೆತಾಗ ಮಾತ್ರ ಕೋಲು ಹಿಡಿಯುವವನು. ಮೂರನೆಯವನು ಸ್ನೇಹದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಬಂದವನು. ನಾಲ್ಕನೆಯವನಿಗೆ ಚೆಂಡನ್ನು ಯಾವ ದಿಕ್ಕಿಗೆ ಹೊಡೆಯಬೇಕೆಂಬುದೇ ಇನ್ನೂ ಸ್ಪಷ್ಟವಾಗಿರುವುದಿಲ್ಲ. ಈ ನಾಲ್ವರನ್ನೂ ಒಂದೇ ಬಯಲಿಗೆ ಕರೆತಂದು, ಬಲ್ಲವನಿಗೆ ಆಟ ಸಪ್ಪೆಯಾಗದಂತೆಯೂ ಬಾರದವನಿಗೆ ಅವಮಾನವಾಗದಂತೆಯೂ ನಡುವಿನವರಿಬ್ಬರಿಗೆ ತಾವು ಬರಿಯ ಪ್ರೇಕ್ಷಕರೆಂಬ ಭಾವನೆ ಬಾರದಂತೆಯೂ ಒಂದು ಹೊತ್ತನ್ನು ಕಳೆಯಿಸುವುದು, ಆಡುವವನ ನೈಪುಣ್ಯಕ್ಕಿಂತ ಆಡಿಸುವವನ ನೈಪುಣ್ಯವನ್ನೇ ಹೆಚ್ಚಾಗಿ ಪರೀಕ್ಷಿಸತಕ್ಕ ಕೆಲಸ.

ಈ ಪರೀಕ್ಷೆಯನ್ನು ಗಣಿತದ ಬಲದಿಂದ ಗೆದ್ದ ಆಟವೆಂದರೆ ಗಾಲ್ಫ್. ಪ್ರಜೆಗಳು ಬಿಲ್ಲುವಿದ್ಯೆಯ ಅಭ್ಯಾಸವನ್ನು ತೊರೆದು ಈ ಚೆಂಡಿನ ಬೆನ್ನು ಹತ್ತುತ್ತಿರುವರೆಂದು 1457ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ನಿಷೇಧಿಸಬೇಕಾಗಿ ಬಂದ ಈ ಕ್ರೀಡೆಯು, 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಕ್ಲಬ್ಬುಗಳ ರೂಪದಲ್ಲಿ ನೆಲೆ ಕಂಡಿತು. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬರುವ ಹೊತ್ತಿಗೆ ಕಲ್ಕತ್ತೆಯ ಕ್ಲಬ್ಬಿಗೆ ಹನ್ನೆರಡು ವರ್ಷ ತುಂಬಿತ್ತು. ಆತನು ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಊರಿನ ಹೆಗ್ಗುರುತಾಗಿ ನಿಂತಿದೆ. ಆದರೆ ಗಾಲ್ಫ್ ಮಾತ್ರ ಭೀಮಾ ಕೃಷ್ಣಾ ನದಿಗಳ ಈ ಸೀಮೆಯಲ್ಲಿ ಬೇರೂರಲಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳವರು ಈ ಆಟವನ್ನು ಸಾಂಗವಾಗಿ ನೋಡಬೇಕೆಂದರೆ, 1956ರವರೆಗೆ ತಮ್ಮ ರಾಜಧಾನಿಯೇ ಆಗಿದ್ದ ಹೈದರಾಬಾದಿಗೆ ಹೋಗಿ, ಗೋಲ್ಕೊಂಡೆಯ ನಯಾ ಕಿಲ್ಲಾದೊಳಗಣ ಹಸುರು ಮೈದಾನವನ್ನು ಕಾಣಬೇಕು. ಹೀಗಿದ್ದರೂ, ಗಾಲ್ಫಿನವರು ಅಂಕಗಳಿಂದ ಬಿಡಿಸಿದ ಒಗಟನ್ನು ನಮ್ಮ ಊರುಗಳವರು ಬಹುಕಾಲದಿಂದ ಬರಿಯ ಕಣ್ಣಳತೆಯಿಂದಲೇ ಬಿಡಿಸುತ್ತ ಬಂದಿದ್ದಾರೆಂಬುದು ಗಮನಿಸತಕ್ಕ ಸಂಗತಿ.

ಕಣ್ಣಳತೆಯ ನ್ಯಾಯ

ಶಾಲೆಯ ಬಯಲಿನಲ್ಲಿ ಲಗೋರಿಗೋ ಕಬಡ್ಡಿಗೋ ಹುಡುಗರು ಪಾಳಿ ಕಟ್ಟುವುದನ್ನು ನಿಂತು ನೋಡಿದವರು ಈ ನ್ಯಾಯವನ್ನು ಬಲ್ಲರು. ಇಬ್ಬರು ನಾಯಕರು ಎದುರುಬದುರಾಗಿ ಕುಳಿತಿರುತ್ತಾರೆ. ಮಿಕ್ಕವರು ತಮತಮಗೆ ಸರಿಯಾದ ಜೋಡಿಯನ್ನು ಹುಡುಕಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಅಷ್ಟು ದೂರ ಹೋಗಿ, ಪಿಸುಮಾತಿನಲ್ಲಿ ಒಂದೊಂದು ಗುಟ್ಟಿನ ಹೆಸರನ್ನಿಟ್ಟುಕೊಂಡು ಮರಳಿ, “ಮಾವಿನಕಾಯಿ ಬೇಕೋ, ಹುಣಸಿಕಾಯಿ ಬೇಕೋ?” ಎಂದು ಕೇಳುತ್ತಾರೆ. ಯಾವ ಕಾಯಿಯ ಹಿಂದೆ ಯಾವ ಹುಡುಗನಿರುವನೆಂಬುದು ನಾಯಕನಿಗೆ ತಿಳಿಯದು. ತಿಳಿದರೂ ಲಾಭವಿಲ್ಲ, ಏಕೆಂದರೆ ಜೋಡಿಯಾದವರು ಸಮಬಲರು. ಬಲಿಷ್ಠರಿಬ್ಬರು ಎರಡು ಪಾಳಿಗಳಿಗೆ ಹಂಚಿಹೋಗುತ್ತಾರೆ, ದುರ್ಬಲರಿಬ್ಬರೂ ಹಾಗೆಯೇ ಹಂಚಿಹೋಗುತ್ತಾರೆ. ಪಕ್ಷಪಾತದ ಮಾತಿಗೆ ಎಡೆಯೇ ಉಳಿಯುವುದಿಲ್ಲ.

ಜಾತ್ರೆಯ ಕುಸ್ತಿಯ ಕಣದಲ್ಲಿಯೂ ಇದೇ ವಿವೇಕ ಬೇರೊಂದು ರೂಪದಲ್ಲಿ ಕಾಣುತ್ತದೆ. ಹಿರಿಯ ಉಸ್ತಾದರು ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಹೆಗಲಿನ ಅಗಲವನ್ನೂ ತೊಡೆಯ ದಪ್ಪವನ್ನೂ ಒಂದೇ ನೋಟಕ್ಕೆ ಅಳೆದು, ಜೋಡಿ ಸರಿಯೆನಿಸಿದರೆ ಮಾತ್ರ ಕಣಕ್ಕೆ ಬಿಡುತ್ತಾರೆ. ತೆಂಗಿನಕಾಯಿಯ ಬಹುಮಾನಕ್ಕಾಗಿ ಸೆಣಸುವ ಎಳೆಯರಿಂದ ಮೊದಲಾಗಿ ಬೆಳ್ಳಿಯ ಕಡಗಕ್ಕಾಗಿ ಸೆಣಸುವ ಜಟ್ಟಿಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ವ್ಯವಸ್ಥೆಯಲ್ಲಿ, ಅವರವರ ಬಲಕ್ಕೆ ತಕ್ಕ ಎದುರಾಳಿಯೂ ಅವರವರ ಪಾಲಿಗೆ ಬರತಕ್ಕ ಚಪ್ಪಾಳೆಯೂ ಎಲ್ಲರಿಗೂ ಉಂಟು. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ, ಎರಚುವ ನೀರಿನ ಧಾರೆಯನ್ನು ಎದುರಿಸುತ್ತ ತರುಣರು ಎತ್ತರದ ಕಂಬಗಳನ್ನೇರುವ ಸಾಹಸವನ್ನು ನೋಡಿದವರಿಗೆ, ತುದಿ ಮುಟ್ಟಿದವನ ಕೀರ್ತಿಯಲ್ಲಿ ಬುಡದಲ್ಲಿ ಹೆಗಲು ಕೊಟ್ಟವರ ಪಾಲೆಷ್ಟೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಇಷ್ಟಿದ್ದರೂ ನಮ್ಮ ಬಯಲಿನ ಆಟಗಳಲ್ಲಿ ಒಂದು ಕೊರತೆಯುಂಟು. ತೀರ ಎಳೆಯನು ಹಠಹಿಡಿದು ಬಂದಾಗ, ಅವನನ್ನು ಅಳಿಸಲಾರದೆ ಆಟಕ್ಕುಂಟು ಲೆಕ್ಕಕ್ಕಿಲ್ಲವೆಂದು ಸೇರಿಸಿಕೊಳ್ಳುತ್ತೇವೆ. ಅವನು ಓಡುತ್ತಾನೆ, ಕೂಗುತ್ತಾನೆ, ಔಟಾದರೂ ಔಟಾಗುವುದಿಲ್ಲ. ಆದರೆ ತನ್ನಿಂದ ಪಾಳಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲವೆಂಬುದನ್ನು ಸ್ವಲ್ಪ ಹೊತ್ತಿಗೇ ತಿಳಿದುಕೊಂಡು ಮನೆಯ ಹಾದಿ ಹಿಡಿಯುತ್ತಾನೆ. ವಯಸ್ಕರ ಗುಂಪಿನಲ್ಲಿಯೂ ಹೊಸಬನ ಮನಃಸ್ಥಿತಿ ಇದಕ್ಕಿಂತ ಬೇರೆಯಲ್ಲ. ಆದುದರಿಂದ ಸಮೂಹಕ್ರೀಡೆಯನ್ನು ಯೋಜಿಸುವವನು ಮೊದಲು ಮನಸ್ಸಿಗೆ ತಂದುಕೊಳ್ಳತಕ್ಕ ಸೂತ್ರ ಇದು: ಬಂದವರೆಲ್ಲರೂ ಆಟಕ್ಕೂ ಇರಬೇಕು, ಲೆಕ್ಕಕ್ಕೂ ಇರಬೇಕು.

ಅಂಕಗಳ ನ್ಯಾಯ

ಗಾಲ್ಫ್ ಈ ಸೂತ್ರವನ್ನು ಸಾಧಿಸುವುದು ಹ್ಯಾಂಡಿಕ್ಯಾಪ್ ಎಂಬ ಅಂಕದಿಂದ. ಹದಿನೆಂಟು ಕುಳಿಗಳ ಪೂರ್ಣ ಮೈದಾನವನ್ನು ನುರಿತ ಆಟಗಾರನು ಸಾಮಾನ್ಯವಾಗಿ 72ರಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬುದು ಪಾರ್ ಎನಿಸಿಕೊಳ್ಳುವ ಅಳತೆ. ಅದಕ್ಕಿಂತ ಎಷ್ಟು ಹೊಡೆತ ಹೆಚ್ಚು ಬೇಕಾದೀತೆಂಬುದನ್ನು, 2020ರಿಂದ ಜಾರಿಗೆ ಬಂದ ಜಾಗತಿಕ ಪದ್ಧತಿಯಂತೆ, ಆಟಗಾರನ ಇತ್ತೀಚಿನ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ಆಯ್ದು, ಮೈದಾನದ ಕಾಠಿಣ್ಯವನ್ನೂ ಗಣನೆಗೆ ತಂದುಕೊಂಡು ನಿರ್ಣಯಿಸುತ್ತಾರೆ. ಈ ಅಂಕದ ಪರಮಾವಧಿ 54. ಪುರುಷರಿಗೂ ಸ್ತ್ರೀಯರಿಗೂ ಅದು ಒಂದೇ.

ಬರಿಯ ಹೊಡೆತಗಳ ಮೊತ್ತವನ್ನು ಎಣಿಸುವ ಆಟದಲ್ಲಿ ಹೊಸಬನ ಪಾಡು ಕಠಿಣ. ಒಂದು ಕುಳಿಯಲ್ಲಿ ಹನ್ನೆರಡು ಹೊಡೆತ ಕಳೆದವನಿಗೆ ಉಳಿದ ಹದಿನೇಳರ ಮೇಲೆ ಆಸೆಯೇ ಬತ್ತಿಹೋಗುತ್ತದೆ. ಈ ಸಂಕಟಕ್ಕೆ ಮದ್ದು ಕಂಡುಹಿಡಿದವನು ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲಿಷ್ ವೈದ್ಯ. ಆತನ ಪದ್ಧತಿಯಲ್ಲಿ ಸ್ಪರ್ಧೆ ನಡೆದದ್ದು 1932ರಲ್ಲಿ, ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ. ಪ್ರತಿ ಕುಳಿಗೂ ಬೇರೆಬೇರೆ ಅಂಕ: ಹ್ಯಾಂಡಿಕ್ಯಾಪಿನಿಂದ ಸಲ್ಲುವ ರಿಯಾಯಿತಿಯ ಹೊಡೆತಗಳನ್ನು ಕಳೆದ ಮೇಲೆ ಪಾರ್ ಸಾಧಿಸಿದರೆ 2, ಒಂದು ಹೊಡೆತ ಹೆಚ್ಚಾದರೆ 1, ಒಂದು ಕಡಿಮೆಯಾದರೆ 3; ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಸೊನ್ನೆ. ಸೊನ್ನೆಗಿಂತ ಕೆಳಗಿಳಿಯುವುದೆಂಬುದಿಲ್ಲ, ಆದುದರಿಂದ ಕೆಟ್ಟ ಕುಳಿಯ ಚೆಂಡನ್ನು ಕೈಗೆತ್ತಿಕೊಂಡು ಮುಂದಿನದಕ್ಕೆ ಹೊಸ ಹುರುಪಿನಿಂದ ನಡೆಯಬಹುದು.

ಒಂದು ನಿದರ್ಶನದಿಂದ ಇದು ಸ್ಪಷ್ಟವಾದೀತು. ಹ್ಯಾಂಡಿಕ್ಯಾಪ್ 6 ಇರುವ ನಿಪುಣನೂ 30 ಇರುವ ಹೊಸಬನೂ ಜೊತೆಯಾಗಿ, ಕಾಠಿಣ್ಯದಲ್ಲಿ ಹತ್ತನೆಯದೆಂದು ಗುರುತಿಸಿದ, ನಾಲ್ಕು ಹೊಡೆತಗಳ ಕುಳಿಗೆ ಬಂದಿದ್ದಾರೆನ್ನಿ. ನಿಪುಣನ ಆರು ರಿಯಾಯಿತಿಗಳು ಅತಿ ಕಠಿಣವಾದ ಆರು ಕುಳಿಗಳಿಗೆ ಮುಗಿದುಹೋಗುವುದರಿಂದ ಇಲ್ಲಿ ಅವನಿಗೆ ರಿಯಾಯಿತಿಯಿಲ್ಲ. ಹೊಸಬನಿಗೋ ಪ್ರತಿ ಕುಳಿಗೆ ಒಂದರಂತೆ ಹದಿನೆಂಟು ಸಂದು, ಉಳಿದ ಹನ್ನೆರಡು ಅತಿ ಕಠಿಣವಾದ ಹನ್ನೆರಡು ಕುಳಿಗಳಿಗೆ ಇನ್ನೊಂದೊಂದರಂತೆ ಸಲ್ಲುವುದರಿಂದ ಇಲ್ಲಿ ಎರಡು ಹೊಡೆತಗಳ ರಿಯಾಯಿತಿಯುಂಟು. ನಿಪುಣನು ನಾಲ್ಕರಲ್ಲಿ ಮುಗಿಸಿದರೂ ಹೊಸಬನು ಆರರಲ್ಲಿ ಮುಗಿಸಿದರೂ ಇಬ್ಬರಿಗೂ ಎರಡೆರಡು ಅಂಕ. ಹೊಸಬನು ಅದೃಷ್ಟವಶಾತ್ ಐದರಲ್ಲಿಯೇ ಮುಗಿಸಿದನಾದರೆ ಆ ಕುಳಿಯಲ್ಲಿ ನಿಪುಣನನ್ನು ಗೆದ್ದೇಬಿಟ್ಟನು. ಅದೂ ಯಾರ ಔದಾರ್ಯದಿಂದಲೂ ಅಲ್ಲ, ನಿಯಮದ ಬಲದಿಂದ.

ನಾಲ್ವರು, ಒಂದು ಚೆಂಡು

ಅಂಕಗಳ ಈ ಜಂಜಾಟವೂ ಬೇಡವೆನ್ನುವ ವಿನೋದದ ಗುಂಪಿಗೆ ಸ್ಕ್ರಾಂಬಲ್ ಎಂಬ ಬಗೆ ಬಹು ಪ್ರಶಸ್ತವಾದುದು. ತಂಡದ ನಾಲ್ವರೂ ಹೊಡೆಯುತ್ತಾರೆ. ನಾಲ್ಕು ಚೆಂಡುಗಳಲ್ಲಿ ಯಾವುದು ಒಳ್ಳೆಯ ಜಾಗದಲ್ಲಿ ಬಿದ್ದಿದೆಯೋ ಅಲ್ಲಿಗೆ ಎಲ್ಲರೂ ನಡೆದು ಅಲ್ಲಿಂದಲೇ ಎರಡನೆಯ ಹೊಡೆತ ಹೊಡೆಯುತ್ತಾರೆ. ಕುಳಿ ಸೇರುವವರೆಗೆ ಹೀಗೆಯೇ. ತಂಡದ ಬಲಿಷ್ಠನು ಬೀಸಿ ಹೊಡೆದ ಚೆಂಡು ಜಾಲಿಯ ಕಂಟಿಯೊಳಗೆ ಹೊಕ್ಕು, ನಡುವಿನವರಿಬ್ಬರವು ಬದುವಿನಾಚೆ ಉರುಳಿ, ಅಳುಕುತ್ತ ಹೊಡೆದ ಹಿರಿಯರ ಚೆಂಡೊಂದೇ ಬಯಲಿನ ನಡುವೆ ನೆಟ್ಟಗೆ ನಿಂತಿರುವ ಗಳಿಗೆಯನ್ನು ಭಾವಿಸಿಕೊಳ್ಳಿ. “ಕಾಕಾ, ನಿಮ್ಮ ಚೆಂಡೇ ಛಲೋ ಜಾಗದಾಗ ಅದ್ರಿ, ಅಲ್ಲಿಂದೇ ಎಲ್ಲಾರೂ ಹೊಡಿಯೋಣ್ರಿ” ಎಂದು ಬಲಿಷ್ಠನೇ ಹೇಳುವಾಗ ಆ ಹಿರಿಯರ ನಡಿಗೆಯಲ್ಲಿ ಬರುವ ಗತ್ತು, ಬಹುಮಾನದಿಂದ ಬರತಕ್ಕದ್ದಲ್ಲ.

ಆದರೆ ಸ್ಕ್ರಾಂಬಲ್ಲಿನಲ್ಲಿಯೂ ಒಂದು ಅಪಾಯವಿದೆ: ಪ್ರತಿಸಲವೂ ನಿಪುಣನ ಚೆಂಡನ್ನೇ ಆರಿಸುತ್ತ ಹೋದರೆ ಉಳಿದ ಮೂವರು ಮತ್ತೆ ಲೆಕ್ಕಕ್ಕಿಲ್ಲದವರಾಗುತ್ತಾರೆ. ಇದನ್ನು ತಡೆಯಲು, ಹದಿನೆಂಟು ಕುಳಿಗಳಲ್ಲಿ ಪ್ರತಿಯೊಬ್ಬನ ಮೊದಲ ಹೊಡೆತವನ್ನು ಮೂರು ಸಲವಾದರೂ ಬಳಸಿಕೊಳ್ಳಲೇಬೇಕೆಂಬ ಕಟ್ಟಳೆಯನ್ನು ಮುಂಚಿತವಾಗಿಯೇ ಹಾಕುವುದುಂಟು. ತಂಡಗಳ ನಡುವೆ ಸಾಮ್ಯ ಬೇಕೆನ್ನುವವರು, ನಾಲ್ವರ ಹ್ಯಾಂಡಿಕ್ಯಾಪುಗಳಲ್ಲಿ ಕನಿಷ್ಠವಾದುದರಿಂದ ಮೊದಲುಗೊಂಡು ಕ್ರಮವಾಗಿ ಶೇಕಡ 25, 20, 15, 10ರಂತೆ ಕೂಡಿಸಿ ತಂಡದ ರಿಯಾಯಿತಿಯನ್ನು ಗೊತ್ತುಮಾಡುತ್ತಾರೆ. 6, 14, 22, 30 ಇರುವ ನಾಲ್ವರಿಗೆ ಇದು 10.6, ಎಂದರೆ 11 ಹೊಡೆತಗಳಾಗುತ್ತದೆ. ತಂಡ ಕಟ್ಟುವಾಗಲೂ ಮಾವಿನಕಾಯಿ ಹುಣಸಿಕಾಯಿಗಳ ನ್ಯಾಯವೇ ಸಾಕು: ಎಲ್ಲರ ಹೆಸರುಗಳನ್ನೂ ಬಲದ ಕ್ರಮದಲ್ಲಿ ಬರೆದು, ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿ, ಪ್ರತಿ ಶ್ರೇಣಿಯಿಂದ ಒಬ್ಬೊಬ್ಬನನ್ನು ಚೀಟಿಯೆತ್ತಿ ಸೇರಿಸಿದರೆ ತಕರಾರಿಗೆ ಅವಕಾಶವಿರದು.

ನಡುನಡುವೆ ಸಣ್ಣ ಸ್ಪರ್ಧೆಗಳನ್ನು ಇಡುವುದು ರೂಢಿ. ಅವುಗಳ ಆಯ್ಕೆಯಲ್ಲಿಯೂ ವಿವೇಕ ಬೇಕು. ಎಲ್ಲರಿಗಿಂತ ದೂರ ಹೊಡೆದವನಿಗೆ ಬಹುಮಾನವೆಂದರೆ ಗೆಲ್ಲುವವನಾರೆಂಬುದು ಮುಂಚೆಯೇ ಗೊತ್ತಾದ ಮಾತು. ಅದರ ಬದಲು ನಡುವೆ ಹಗ್ಗ ಹಾಸಿ, ಅದಕ್ಕೆ ಅತಿ ಸಮೀಪದಲ್ಲಿ ಚೆಂಡು ನಿಲ್ಲಿಸಿದವನಿಗೆ ಕೊಟ್ಟರೆ ಎಲ್ಲರಿಗೂ ಆಸೆಯುಂಟು. ಚೆಂಡನ್ನು ಮೆಲ್ಲಗೆ ಉರುಳಿಸಿ ನಾಲ್ಕೂಕಾಲು ಅಂಗುಲದ ಕುಳಿಗೆ ಬೀಳಿಸುವ ಪಟ್ಟಿಂಗಿನಲ್ಲಿಯಂತೂ ತೋಳ್ಬಲಕ್ಕೆ ಕೆಲಸವೇ ಇಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ದೂರ ಹೊಡೆಯುವುದರಲ್ಲಿ ಹಿಂದಿನ ಸಾಲಿನಲ್ಲಿಯೇ ಇದ್ದ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನದವರೆಗೆ ಏರಿದ್ದು ಬಹುಮಟ್ಟಿಗೆ ಈ ಮೆಲ್ಲನೆಯ ಹೊಡೆತದ ಕೌಶಲದಿಂದಲೇ.

ಎರೆಯ ನೆಲದಲ್ಲಿ

ಮೈದಾನವಿಲ್ಲದ ಊರಿನವರಿಗೆ ಇದೆಲ್ಲ ಏತಕ್ಕೆಂದು ಕೇಳುವವರು ಇರಬಹುದು. ಗಾಲ್ಫಿನ ನಿಯಮಗಳು ಹಸುರು ಹುಲ್ಲಿಗೆ ಮಾತ್ರ ಅಂಟಿಕೊಂಡವಲ್ಲ. ನೀರಿನ ಅಭಾವವಿರುವ ಎಡೆಗಳಲ್ಲಿ ಕುಳಿಯ ಸುತ್ತಣ ಹುಲ್ಲಿನ ಗ್ರೀನಿಗೆ ಬದಲಾಗಿ ಎಣ್ಣೆ ಬೆರೆಸಿ ಮಟ್ಟಮಾಡಿದ ಮರಳಿನ ಬ್ರೌನುಗಳ ಮೇಲೆ ಆಡುವುದು ಹಿಂದಿನಿಂದ ನಡೆದುಬಂದಿದೆ. ನಾಲ್ಕು ಹಾಕಿ ಕೋಲುಗಳು, ಕೆಲವು ಟೆನಿಸ್ ಚೆಂಡುಗಳು, ನೆಲಮಟ್ಟಕ್ಕೆ ಹೂತ ಅಗಲಬಾಯಿಯ ಆರು ಡಬ್ಬಿಗಳು, ಪ್ರತಿಯೊಂದರ ಪಕ್ಕದಲ್ಲಿ ಬಣ್ಣದ ಬಟ್ಟೆ ಕಟ್ಟಿದ ಒಂದು ಜೋಳದ ದಂಟು: ಇಷ್ಟಾದರೆ ಶಾಲೆಯ ಬಯಲಿನಲ್ಲಿಯೇ ಆರು ಕುಳಿಗಳ ಆಟ ಸಿದ್ಧ. ಎರೆಯ ಹೊಲವನ್ನು ಮಾತ್ರ ಆರಿಸಿಕೊಳ್ಳಬಾರದು; ಬೇಸಗೆ ಸಮೀಪಿಸಿದಂತೆ ಅದು ಬಾಯ್ಬಿಟ್ಟ ಬಿರುಕುಗಳು ಚೆಂಡನ್ನು ನುಂಗಿ ಮತ್ತೆ ಕೊಡುವುದಿಲ್ಲ. ಗುಡ್ಡಗಳ ಬುಡದ ಮಸಾರಿ ನೆಲ ಗಟ್ಟಿಯಾದುದು; ಶಹಾಪುರದಲ್ಲಿ ಮಲಗಿದ ಬುದ್ಧನ ಆಕಾರ ತೋರುವ ಗುಡ್ಡಸಾಲು ಕಾಣುವಂಥ ಬಯಲು ಸಿಕ್ಕರಂತೂ ಕಣ್ಣಿಗೂ ಹಿತ. ಜಾಗದ ಒಡೆಯರ ಒಪ್ಪಿಗೆ ಪಡೆಯುವುದೂ, ಚೆಂಡು ಹಾರುವ ದಿಕ್ಕಿನಲ್ಲಿ ಜನವಾಗಲಿ ದನವಾಗಲಿ ಇಲ್ಲವೆಂಬುದನ್ನು ನೋಡಿಕೊಳ್ಳುವುದೂ ಆಡಿಸುವವನ ಹೊಣೆ. ಈ ಸೀಮೆಯ ಬಿಸಿಲು ಪ್ರಸಿದ್ಧವಾದುದರಿಂದ, ದೀಪಾವಳಿಯಿಂದ ಶಿವರಾತ್ರಿಯವರೆಗಿನ ಮುಂಜಾವುಗಳೇ ಈ ಆಟಕ್ಕೆ ತಕ್ಕ ಕಾಲ.

ಬೇಸರವನ್ನು ತರುವುದು ಸೋಲಿಗಿಂತ ಹೆಚ್ಚಾಗಿ ಕಾಯುವಿಕೆ. ಆದುದರಿಂದ ತಂಡಗಳು ಒಂದರ ಹಿಂದೊಂದು ಹೊರಡುವುದಕ್ಕಿಂತ, ಒಂದೊಂದು ತಂಡ ಒಂದೊಂದು ಕುಳಿಯಿಂದ ಏಕಕಾಲಕ್ಕೆ ಆರಂಭಿಸುವುದು ಮೇಲು. ಎಲ್ಲರೂ ಒಟ್ಟಿಗೆ ಮುಗಿಸಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳ ಬುತ್ತಿಯನ್ನು ಒಟ್ಟಿಗೆ ಬಿಚ್ಚಬಹುದು. ಕಳೆದ ಚೆಂಡನ್ನು ಹುಡುಕಲು ಮೂರೇ ನಿಮಿಷವೆಂಬುದು 2019ರಿಂದ ಗಾಲ್ಫಿನ ಶಾಸನ. ಅದನ್ನು ಇಲ್ಲಿಯೂ ಪಾಲಿಸುವುದು ಒಳಿತು. ಒಂದು ಕುಳಿಗೆ ಇಂತಿಷ್ಟೇ ಹೊಡೆತವೆಂದು ಮೇಲ್ಮಿತಿ ಕಟ್ಟುವುದೂ, ಹೊಸಬನಿಗೆ ಆಟದ ನಡುವೆ ಒಬ್ಬನೇ ಒಬ್ಬನು ಬುದ್ಧಿ ಹೇಳತಕ್ಕದ್ದು, ಅದೂ ಅವನು ಕೇಳಿದಾಗ ಮಾತ್ರ, ಎಂದು ಗೊತ್ತುಮಾಡುವುದೂ ಅಷ್ಟೇ ಅವಶ್ಯಕ. ಈ ಕಟ್ಟಳೆಗಳನ್ನೆಲ್ಲ ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ತಿಳಿಸಬೇಕು. ಆಟದ ನಡುವೆ ಹುಟ್ಟುವ ನಿಯಮ ಎಷ್ಟೇ ನ್ಯಾಯವಾದುದಾದರೂ ಒಬ್ಬನ ಮನಸ್ಸನ್ನಾದರೂ ನೋಯಿಸದೆ ಇರುವುದಿಲ್ಲ.

ಕೊನೆಯದಾಗಿ, ಗೆದ್ದವನ ವಿಷಯ. ತಿಂಗಳಿಗೊಮ್ಮೆ ಕೂಡುವ ಗಾಲ್ಫ್ ಬಳಗಗಳಲ್ಲಿ, ಈ ಸಲ ಗೆದ್ದವನ ರಿಯಾಯಿತಿಯಿಂದ ಮುಂದಿನ ಸಲಕ್ಕೆ ಒಂದೆರಡು ಹೊಡೆತಗಳನ್ನು ಕಡಿತಮಾಡುವ ಪದ್ಧತಿಯುಂಟು. ತೆಂಗಿನಕಾಯಿ ಗೆದ್ದ ಹುಡುಗನಿಗೆ ಮುಂದಿನ ಜಾತ್ರೆಯಲ್ಲಿ ಉಸ್ತಾದರು ಇನ್ನೂ ಬಲವಾದ ಜೋಡಿಯನ್ನು ಹುಡುಕುವುದೂ ಇದೇ ತತ್ತ್ವದಿಂದ. ಹೊರನೋಟಕ್ಕೆ ಇದು ಗೆಲುವಿಗೆ ವಿಧಿಸಿದ ದಂಡದಂತೆ ತೋರಬಹುದು. ಆದರೆ ತನ್ನ ಬಲ ಬೆಳೆದಿದೆಯೆಂದು ಬಳಗವೇ ಒಪ್ಪಿ ಬರೆದುಕೊಟ್ಟ ಮನ್ನಣೆ ಅದು, ಮತ್ತು ಮುಂದಿನ ಸಲ ಇನ್ನೊಬ್ಬನು ಗೆಲ್ಲುವುದಕ್ಕೆ ಬಿಟ್ಟ ಎಡೆಯೂ ಹೌದು. ಹೀಗೆ ಗೆಲುವು ಕೈಯಿಂದ ಕೈಗೆ ಸಾಗುತ್ತಿರುವವರೆಗೆ ಬಳಗ ಒಡೆಯುವುದಿಲ್ಲ. ಒಬ್ಬನಲ್ಲಿಯೇ ಅದು ನೆಲೆಯೂರಿತೆಂದು ಕಂಡ ದಿನ, ದೋಷವನ್ನು ಆಟಗಾರರಲ್ಲಿ ಹುಡುಕದೆ, ಆಡಿಸುವವನು ತನ್ನ ಹಾಳೆಯನ್ನೇ ಮತ್ತೊಮ್ಮೆ ತಿದ್ದಲು ಕುಳಿತುಕೊಳ್ಳಬೇಕು.