ಅವರೆಬೇಳೆ ಹಿದುಕುವ ಪುಟ್ಟ ಬೆರಳುಗಳು

“ಮಗು ಯುಕೆಜಿಯಲ್ಲಿದೆ. ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ನೋವು ಎನ್ನುತ್ತದೆ. ಟಾನಿಕ್ ಏನಾದರೂ ಕೊಡಬಹುದೇ?” ಮಕ್ಕಳ ವೈದ್ಯರನ್ನು ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಟಾನಿಕ್ ಕುಡಿಸಿದರೆ ಬೆರಳಿಗೆ ಬಲ ಬರುವುದಿಲ್ಲ. ಬೆರಳಿಗೆ ಬಲ ಬರುವುದು ಬೆರಳಿನ ಕೆಲಸದಿಂದ. ಆ ಕೆಲಸವನ್ನು ಆಟದಂತೆ ಮಾಡಿಸಬಲ್ಲವರು ಬಹುತೇಕ ಮನೆಗಳಲ್ಲಿ ಇದ್ದಾರೆ. ಅವರೇ ಅಜ್ಜಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ಮನೆಗಳಲ್ಲಾದರೆ ‘ಅವ್ವ’.

ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಅಲ್ಲಿರಬೇಕಾದ ಎಂಟು ಪುಟ್ಟ ಮೂಳೆಗಳು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅವು ಆಗಿನ್ನೂ ಮೃದ್ವಸ್ಥಿ. ಒಂದೊಂದಾಗಿ ಮೂಳೆಯಾಗುತ್ತಾ ಹೋಗಿ ಎಂಟೂ ಕಾಣಿಸಿಕೊಳ್ಳುವ ಹೊತ್ತಿಗೆ ಮಗುವಿಗೆ ಹತ್ತು ಹನ್ನೆರಡು ವರ್ಷವಾಗಿರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸೇರಿಸಿ ಕಾಳು ಹೆಕ್ಕುವ ಚಾತುರ್ಯ ಒಂಬತ್ತು ಹತ್ತು ತಿಂಗಳಿಗೆ ಬರುತ್ತದೆ. ಮೂರನೇ ವರ್ಷಕ್ಕೆ ಸೊನ್ನೆಯನ್ನು ನೋಡಿ ಬರೆಯುತ್ತದೆ. ಕೂಡಿಸುವ ಚಿಹ್ನೆಗೆ ನಾಲ್ಕು ವರ್ಷ, ತ್ರಿಕೋನಕ್ಕೆ ಐದು ವರ್ಷ ಆಗಬೇಕು. ಹೀಗಿರುವಾಗ ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ‘ಅ ಆ ಇ ಈ’ ತಿದ್ದಿಸಲು ಹಟ ಹಿಡಿಯುವುದು, ಗಾರೆ ಒಣಗುವ ಮೊದಲೇ ಮನೆಗೆ ಗೃಹಪ್ರವೇಶ ಮಾಡಿದಂತೆ.

ಕೈಗೆ ಮೆದುಳಿನಲ್ಲಿ ಎಷ್ಟು ದೊಡ್ಡ ಜಾಗವಿದೆ ಎಂಬುದನ್ನು 1937ರಲ್ಲಿ ಕೆನಡಾದ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ತಮ್ಮ ಸಂಗಡಿಗರೊಡನೆ ನಕ್ಷೆಯಂತೆ ಗುರುತಿಸಿ ತೋರಿಸಿದರು. ದೇಹದ ಚಲನೆಯನ್ನು ನಿಯಂತ್ರಿಸುವ ಪಟ್ಟಿಯಲ್ಲಿ ಇಡೀ ಬೆನ್ನು, ಹೊಟ್ಟೆ, ಕಾಲುಗಳಿಗಿಂತ ಅಂಗೈ ಮತ್ತು ಬೆರಳುಗಳಿಗೇ ಹೆಚ್ಚು ಸ್ಥಳ. ಮೊಬೈಲ್ ಪರದೆಯ ಮೇಲೆ ಒಂದು ಬೆರಳನ್ನು ಸರಿಸುತ್ತಾ ಕುಳಿತರೆ ಇಷ್ಟು ದೊಡ್ಡ ವ್ಯವಸ್ಥೆಗೆ ಕೆಲಸವೇ ಸಿಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಸಮಯ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಒಂದು ವರ್ಷದ ಒಳಗಿನವರಿಗೆ ಅದು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಬೇಡ ಎನ್ನುವುದು ಸುಲಭ. ಬದಲಿಗೆ ಏನು ಕೊಡಬೇಕು?

ಡಿಸೆಂಬರ್, ಜನವರಿಯಲ್ಲಿ ಕೋಲಾರ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಪ್ರತಿ ಮನೆಯ ಪಡಸಾಲೆಯಲ್ಲೇ ರಾಶಿ ಬಿದ್ದಿರುತ್ತದೆ. ಸೊಗಡು ಅವರೆ. ಕಾಯಿ ಸುಲಿದು, ಕಾಳನ್ನು ಕೆಲವು ಗಂಟೆ ನೀರಿನಲ್ಲಿ ನೆನೆಹಾಕಿ, ಒಂದು ತುದಿಯನ್ನು ಎರಡು ಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಹಿದುಕಿದ ಬೇಳೆ ಸಾರಿಗಾಗಿ ಅಜ್ಜಿಯಂದಿರು ಲೆಕ್ಕವಿಲ್ಲದ ಕಾಲದಿಂದ ಮಾಡಿಕೊಂಡು ಬಂದ ಈ ಕೆಲಸವನ್ನು ಗಮನಿಸಿ. ಜೋರಾಗಿ ಒತ್ತಿದರೆ ಬೇಳೆ ಒಡೆಯುತ್ತದೆ, ಮೆಲ್ಲಗೆ ಒತ್ತಿದರೆ ಹೊರಗೇ ಬರುವುದಿಲ್ಲ. ಎಷ್ಟು ಬಲ ಹಾಕಬೇಕೆಂಬುದನ್ನು ಬೆರಳೇ ಕಲಿಯಬೇಕು. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಇದೇ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಸಮನ್ವಯ. ಇದಕ್ಕಾಗಿ ದುಬಾರಿ ಆಟಿಕೆ ಕೊಳ್ಳುವ ನಗರದ ತಂದೆತಾಯಂದಿರು ಒಂದು ಸೇರು ಅವರೆಕಾಯಿ ತಂದರೆ ಸಾಕು. ಮಧ್ಯಾಹ್ನದ ಸಾರೂ ಆದೀತು.

ಸಂಕ್ರಾಂತಿ ಹತ್ತಿರವಾದಂತೆ ಎಳ್ಳು ಬೆಲ್ಲದ ತಯಾರಿ. ಕೊಬ್ಬರಿ, ಬೆಲ್ಲ ಹೆಚ್ಚುವುದು ದೊಡ್ಡವರ ಕೆಲಸವಾದರೆ, ಹುರಿದ ಕಡಲೆಕಾಯಿ ಬೀಜದ ಹೊಟ್ಟು ಉಜ್ಜಿ ತೆಗೆಯುವುದು, ಬೆರೆಸುವುದು, ಪೊಟ್ಟಣಕ್ಕೆ ತುಂಬುವುದು ನಾಲ್ಕೈದು ವರ್ಷದವರಿಗೆ ಒಪ್ಪುವ ಕೆಲಸ. ಅಂಗಳದ ರಂಗೋಲಿಯೂ ಹಾಗೆಯೇ. ಚಿಟಿಕೆ ಹಿಟ್ಟನ್ನು ಒಂದೇ ಸಮನೆ ಬಿಡುತ್ತಾ ಚುಕ್ಕಿಯಿಂದ ಚುಕ್ಕಿಗೆ ಎಳೆಯುವುದು ಬರವಣಿಗೆಗೆ ಪೀಠಿಕೆಯೇ ಸರಿ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಅಕ್ಕಿಹಿಟ್ಟು ಕೊಡಿ. ಇರುವೆಗೂ ಊಟವಾಗುತ್ತದೆ.

ಮುಳಬಾಗಿಲಿನ ಹೆಸರು ದೋಸೆಯೊಂದಿಗೆ ಅಂಟಿಕೊಂಡಿದೆ. ಅಲ್ಲಿನ ಮನೆಯ ಮಗುವಿಗೆ ರಾತ್ರಿ ಅರ್ಧ ಪಾತ್ರೆ ಇದ್ದ ಹಿಟ್ಟು ಬೆಳಿಗ್ಗೆ ಅಂಚಿನವರೆಗೆ ಉಬ್ಬಿದ್ದನ್ನು ತೋರಿಸಿ, ಕಣ್ಣಿಗೆ ಕಾಣದ ಜೀವಿಗಳು ರಾತ್ರಿಯೆಲ್ಲಾ ಮಾಡಿದ ಕೆಲಸವಿದು ಎಂದು ಹೇಳಿದರೆ, ಶಾಲೆಯ ವಿಜ್ಞಾನ ಪಾಠ ಮೊದಲೇ ಆದಂತೆ. ರಾಗಿ ಹಿಟ್ಟು ನಾದಿ ಬಾಳೆಲೆಯ ಮೇಲೆ ರೊಟ್ಟಿ ತಟ್ಟುವುದು, ಕೋಡುಬಳೆ ಹೊಸೆಯುವುದು, ನಿಪ್ಪಟ್ಟು ಒತ್ತುವುದು ಇವೆಲ್ಲ ಅಂಗೈಯ ಸಣ್ಣ ಸ್ನಾಯುಗಳಿಗೆ ವ್ಯಾಯಾಮ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ತಾನೇ ತಟ್ಟಿದ ಸೊಟ್ಟ ರೊಟ್ಟಿಯನ್ನು ಮಗು ತಕರಾರಿಲ್ಲದೆ ತಿನ್ನುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಕೇಕ್ ಬೇಕೆಂದು ಹಟ ಮಾಡಿದರೆ ರಾಗಿ, ಗೋಧಿ ಹಿಟ್ಟು ಬೆರೆಸಿಯೇ ಮಾಡಬಹುದು. ಓವನ್ ಇಲ್ಲದ ಮನೆಗಳಲ್ಲಿ ದಪ್ಪ ಪಾತ್ರೆಗೆ ಮರಳು ಹಾಕಿ ಕಾಯಿಸಿ ಅದರೊಳಗೆ ಕೇಕ್ ಬೇಯಿಸುವ ಉಪಾಯ ಹಳೆಯದು. ಆದರೆ ಒಲೆ ಆರಿಸಿದ ಮೇಲೂ ಮರಳು ಬಹಳ ಹೊತ್ತು ಕಾದಿರುತ್ತದೆ ಎಂಬುದನ್ನು ಮರೆಯಬಾರದು.

ಮಾಲೂರಿನ ಇಟ್ಟಿಗೆ, ಹೆಂಚು ಹೆಸರಾದವು. ಅದಕ್ಕೆ ಒದಗುವ ಜೇಡಿಮಣ್ಣೇ ಮಕ್ಕಳಿಗೂ ಒಳ್ಳೆಯ ಆಟದ ಸಾಮಾನು. ಬಸವ, ಒಲೆ, ಬೀಸುವ ಕಲ್ಲು ಏನು ಬೇಕಾದರೂ ಆಗುತ್ತದೆ. ಮಣ್ಣು ಮುಟ್ಟಬೇಡ ಎಂದು ಗದರಿಸುವುದಕ್ಕಿಂತ, ಉಗುರು ಕತ್ತರಿಸಿ, ಆಟ ಮುಗಿದ ಮೇಲೆ ಸೋಪಿನಿಂದ ಮೊಣಕೈವರೆಗೆ ತೊಳೆಸುವುದು ಮೇಲು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರು. ಅಂಥ ಕೆರೆಯ ಹಸಿಮಣ್ಣನ್ನು ಮಕ್ಕಳ ಆಟಕ್ಕೆ ತರಬಾರದು, ಬೇರೆ ಕಡೆಯ ಒಣ ಮಣ್ಣು ತನ್ನಿ. ಮಗು ಮಣ್ಣನ್ನು ತಿನ್ನುತ್ತಿದ್ದರೆ ಅದು ಚೇಷ್ಟೆಯಲ್ಲ, ರಕ್ತಹೀನತೆಯ ಲಕ್ಷಣವಿರಬಹುದು. ರಕ್ತ ಪರೀಕ್ಷೆ ಮಾಡಿಸಿ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ.

ಬೇಸಿಗೆ ರಜೆಗೆ ಶ್ರೀನಿವಾಸಪುರದ ಕಡೆ ಬಂದ ಮಕ್ಕಳಿಗೆ ಮಾವಿನ ತೋಪೇ ಪಾಠಶಾಲೆ. ಮಾವಿನ ಎಲೆಯ ತೋರಣ ಕಟ್ಟುವುದು, ಹಣ್ಣಿನ ರಸ ತಟ್ಟೆಗೆ ಸವರಿ ಬಿಸಿಲಿಗಿಡುವುದು, ಉಪ್ಪಿನಕಾಯಿಗೆ ಹೋಳು ಒರೆಸಿಡುವುದು. ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ಮಾತ್ರ ಕೆಟ್ಟದ್ದು. ತುಟಿ, ಕೆನ್ನೆಗೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ತೊಟ್ಟು ಮುರಿದ ಕಾಯಿಯನ್ನು ಬೋರಲು ಹಾಕಿ ಸೊನೆ ಸುರಿದ ಮೇಲೆ, ತೊಳೆದೇ ಮಕ್ಕಳ ಕೈಗೆ ಕೊಡಬೇಕು.

ಗಂಟಲಿಗೆ ಸಿಕ್ಕ ಕಾಳು

ಈ ಕೆಲಸಗಳಲ್ಲಿ ಬಹಳ ಎಚ್ಚರ ಬೇಕಾದದ್ದು ಕಾಳಿನ ವಿಷಯದಲ್ಲಿ. ದೊಡ್ಡವರು ಅವರೆ ಹಿದುಕುವಾಗ ಪಕ್ಕದಲ್ಲೇ ಕೂತ ಒಂದೂವರೆ ವರ್ಷದ ತಮ್ಮ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಕಡಲೆಕಾಯಿ ಬೀಜ, ಅವರೆ, ಹುಣಿಸೆ ಬೀಜ ಇವು ಪುಟ್ಟ ಮಗುವಿನ ಉಸಿರ್ನಾಳಕ್ಕೆ ಬಿರಡೆ ಹಾಕಿದಂತೆ ಕೂತುಬಿಡಬಲ್ಲವು. ಇಡೀ ಕಡಲೆಕಾಯಿ ಬೀಜವನ್ನು ಐದು ವರ್ಷ ತುಂಬುವವರೆಗೆ ಕೊಡಲೇಬಾರದು. ಎಳ್ಳು ಬೆಲ್ಲವನ್ನೂ ಪುಟ್ಟವರಿಗೆ ಪುಡಿ ಮಾಡಿಯೇ ಕೊಡಿ.

ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದೆ, ಉಸಿರಾಡಲಾಗದೆ ಒದ್ದಾಡುತ್ತಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಕೂಡದು. ತಲೆ ಕೆಳಗೆ ಮಾಡಿ ಬೆನ್ನು ತಟ್ಟಿ, ಮಗುಚಿ, ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ಕಾಣದ ಕಾಳನ್ನು ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಜೊತೆಯಲ್ಲಿರುವವರು 108ಕ್ಕೆ ಫೋನ್ ಮಾಡಲಿ. ಕೆಲವೊಮ್ಮೆ ಬೀಜ ಶ್ವಾಸಕೋಶದ ಕವಲಿಗೆ ಇಳಿದು ಮಗು ಸುಮ್ಮನಾಗಿಬಿಡುತ್ತದೆ. ವಾರಗಟ್ಟಲೆ ಕೆಮ್ಮು, ಗೊರಗೊರ ಸದ್ದು, ಮರುಕಳಿಸುವ ಜ್ವರ ಬಂದಾಗ ಹಬ್ಬದ ದಿನದ ಆ ಒಂದು ಕೆಮ್ಮನ್ನು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳುವವರು ಸಾಮಾನ್ಯವಾಗಿ ಅಜ್ಜಿಯೇ. ಆ ಮಾತನ್ನು ‘ವಯಸ್ಸಾದವರ ಚಿಂತೆ’ ಎಂದು ತಳ್ಳಿಹಾಕಬಾರದು.

ಅಳಗುಳಿ ಮಣೆ ಆಡಲು ಹುಣಿಸೆ ಬೀಜವೋ ಕವಡೆಯೋ ಇರಲಿ. ಕೆಂಪು ಕಪ್ಪು ಬಣ್ಣದ ಗುಲಗಂಜಿ ಬೇಡ. ಹಳೆಯ ಮನೆಗಳ ಆಭರಣದ ಪೆಟ್ಟಿಗೆಯಲ್ಲಿ ಅದು ಇನ್ನೂ ಸಿಗುತ್ತದೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೆಯೇ ಹೊರಹೋಗಬಹುದು. ಆದರೆ ಅಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ್ದರೆ, ಅದರೊಳಗಿನ ವಿಷ ಪ್ರಾಣಕ್ಕೇ ಎರವಾಗುತ್ತದೆ. ಹರಳು ಬೀಜವೂ ಹಾಗೆಯೇ. ವಾಂತಿ ಭೇದಿ ಶುರುವಾಗುವುದು ಗಂಟೆಗಳ ನಂತರ, ಆದ್ದರಿಂದ ಲಕ್ಷಣಕ್ಕಾಗಿ ಕಾಯದೆ ಒಂದು ಬೀಜವನ್ನೂ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪಾಕ ಮತ್ತು ನೀರು

ಸಕ್ಕರೆ ಅಚ್ಚು ಹೊಯ್ಯುವ ದಿನ ಮಕ್ಕಳು ಒಲೆಯಿಂದ ಎರಡು ಮಾರು ದೂರವಿರಲಿ. ಅಚ್ಚಿನ ಮರದ ತುಂಡುಗಳನ್ನು ಜೋಡಿಸಿ ದಾರ ಸುತ್ತುವುದು, ಆರಿದ ಮೇಲೆ ಬಿಚ್ಚಿ ಗೊಂಬೆ ತೆಗೆಯುವುದು ಅವರ ಪಾಲಿಗೆ. ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಸಾಲದ್ದಕ್ಕೆ ಚರ್ಮಕ್ಕೆ ಅಂಟಿಕೊಂಡು ಆಳಕ್ಕೆ ಸುಡುತ್ತದೆ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ ಇಪ್ಪತ್ತು ನಿಮಿಷ ಹಿಡಿಯಬೇಕು. ನಲ್ಲಿಯಲ್ಲಿ ನೀರು ಬರದ ದಿನವಾದರೆ ತಂಬಿಗೆಯಿಂದ ಸುರಿಯುತ್ತಲೇ ಇರಿ, ಬರಗಾಲದ ಸೀಮೆಯಾದರೂ ಅದು ನೀರು ಉಳಿಸುವ ಸಮಯವಲ್ಲ. ಐಸ್, ಟೂತ್‌ಪೇಸ್ಟ್, ಇಂಕು, ಅರಿಸಿನ ಯಾವುದನ್ನೂ ಹಚ್ಚಬಾರದು. ಅಂಟಿದ ಪಾಕವನ್ನು ಕಿತ್ತು ತೆಗೆಯಬಾರದು. ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಿಟ್ಟು ಕಲಸುವ ನೀರಿನ ಬಗ್ಗೆಯೂ ಒಂದು ಮಾತು. ಕೋಲಾರ ಜಿಲ್ಲೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ಒಂದೂವರೆ ಮಿಲಿಗ್ರಾಂವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಕುಡಿಯುವ ಮನೆಗಳಲ್ಲೂ ಮುದ್ದೆ, ಸಾರು, ದೋಸೆಹಿಟ್ಟಿಗೆ ಕೊಳವೆ ಬಾವಿಯ ನೀರೇ ಬಳಕೆಯಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಬಾಚಿಹಲ್ಲು ಮೊದಲಾದ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ಹೊಟ್ಟೆಗೆ ಹೋದ ಫ್ಲೋರೈಡಿನ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು. ಆದ್ದರಿಂದ ಮಕ್ಕಳ ಅಡುಗೆಗೂ ಕುಡಿಯುವ ನೀರನ್ನೇ ಬಳಸಿ.

ಕೂತು ಕೆಲಸ ಮಾಡಿಸುವಾಗ ಅಜ್ಜಿಯ ಕಣ್ಣಿಗೆ ಇನ್ನೂ ಕೆಲವು ಸಂಗತಿ ಬೀಳುತ್ತವೆ. ಒಂದೂವರೆ ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಾ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ, ಆ ಇನ್ನೊಂದು ಕೈಯಲ್ಲಿ ದೌರ್ಬಲ್ಯವಿರಬಹುದು, ತೋರಿಸಲೇಬೇಕು. ಆದರೆ ಮೂರು ನಾಲ್ಕು ವರ್ಷದ ಮಗು ಎರಡೂ ಕೈಯಲ್ಲಿ ಚುರುಕಾಗಿದ್ದು ಎಡಗೈಯಲ್ಲೇ ರಂಗೋಲಿ ಹಾಕಿದರೆ ಅದು ರೋಗವಲ್ಲ. ಕೈ ಮೇಲೆ ಹೊಡೆದು ಬಲಗೈಗೆ ಬದಲಿಸುವ ಹಳೆಯ ಪದ್ಧತಿಯನ್ನು ಇನ್ನಾದರೂ ಬಿಡಬೇಕು.

ಇನ್ನು ಅಜ್ಜಿಯ ಆರೋಗ್ಯ. ಮೊಮ್ಮಕ್ಕಳ ಒಡನಾಟ ಅವರ ಮನಸ್ಸಿಗೂ ಬೆರಳಿಗೂ ಹಿತ, ನಿಜ. ಆದರೆ ಆಸ್ಟ್ರೇಲಿಯಾದ ಮಹಿಳೆಯರ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುವವರ ಬುದ್ಧಿಶಕ್ತಿಯ ಪರೀಕ್ಷೆಗಳು ಚೆನ್ನಾಗಿದ್ದರೆ, ಐದು ದಿನ ಅಥವಾ ಅದಕ್ಕಿಂತ ಹೆಚ್ಚು ನೋಡಿಕೊಳ್ಳುವವರದು ಕಡಿಮೆಯಿತ್ತು. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗದು. ಆದರೂ ಸೊಸೆ, ಮಗ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ವಾರವಿಡೀ ಮಗುವನ್ನು ಅಜ್ಜಿಯ ಮಡಿಲಿಗೆ ಬಿಡುವವರು ಇದನ್ನು ಯೋಚಿಸಬೇಕು. ಮಂಡಿನೋವಿದ್ದರೆ ನೆಲದ ಬದಲು ಮೇಜಿನ ಮೇಲೆ ಹಿಟ್ಟು ಹರಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಕ್ಕಳ ಗಲಾಟೆಯಲ್ಲಿ ಊಟದ ಹೊತ್ತು ಮೀರಿಸಬಾರದು. ಆ ಮಾತ್ರೆಗಳನ್ನು ದಿಂಬಿನ ಕೆಳಗೋ ಸೆರಗಿನ ಗಂಟಿನಲ್ಲೋ ಇಡುವ ಅಭ್ಯಾಸ ಅನೇಕರಿಗಿದೆ. ಗ್ಲಿಮೆಪಿರೈಡ್‌ನಂಥ ಒಂದೇ ಒಂದು ಮಾತ್ರೆ ಸಾಕು, ಅದನ್ನು ಪೆಪ್ಪರ್‌ಮೆಂಟ್ ಎಂದು ನುಂಗಿದ ಎರಡು ವರ್ಷದ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಲು. ಮೊಮ್ಮಕ್ಕಳು ಬರುವ ಹಿಂದಿನ ದಿನವೇ ಮಾತ್ರೆಯ ಡಬ್ಬಿ, ಹೊಲಿಗೆಯ ಸೂಜಿ, ಗಡಿಯಾರದ ಗುಂಡಿ ಬ್ಯಾಟರಿ ಮೂರನ್ನೂ ಬೀಗವಿರುವ ಬೀರುವಿನ ಮೇಲಿನ ಅರೆಗೆ ಸೇರಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.