ಒಂದು ರಾಗ, ಮೂವರು ವಾಗ್ಗೇಯಕಾರರು

ಶಾಸ್ತ್ರೀಯ ಸಂಗೀತವು ಪಂಡಿತರಿಗೆ ಮಾತ್ರ ಮೀಸಲೆಂಬ ಭಾವನೆ ನಮ್ಮ ಅನೇಕ ಗೃಹಸ್ಥರಲ್ಲಿ ಬೇರೂರಿದೆ. ರಾಗದ ಹೆಸರು ತಿಳಿಯದೆ ಸಂಕೋಚಪಟ್ಟು ಕಚೇರಿಯಿಂದ ಅರ್ಧಕ್ಕೇ ಎದ್ದು ಬರುವವರುಂಟು. ಮಕ್ಕಳು ಪರೀಕ್ಷೆಗಾಗಿ ಸ್ವರಗಳನ್ನು ಕಂಠಪಾಠ ಮಾಡುತ್ತಾರೆ. ಮನೆಮಂದಿಯೆಲ್ಲ ಕೂಡಿ ಕೇಳುವ ರೂಢಿಯಾದರೋ ಕ್ಷೀಣಿಸುತ್ತಿದೆ. ಕೇಳಿ ಹದಗೊಳ್ಳದ ಕಿವಿಗೆ ಕಲಿತ ವಿದ್ಯೆ ಎಷ್ಟರಮಟ್ಟಿಗೆ ದಕ್ಕೀತು?

ಲಕ್ಷಣಗ್ರಂಥಗಳಿಗಿಂತ ಮೊದಲು ವಾಗ್ಗೇಯಕಾರರ ಪರಿಚಯ ಮಾಡಿಕೊಂಡರೆ ದಾರಿ ಸುಗಮವಾಗುವುದೆಂಬುದು ನಮ್ಮ ಅಭಿಪ್ರಾಯ. ಸಾಹಿತ್ಯವನ್ನೂ ಅದರ ಸ್ವರರಚನೆಯನ್ನೂ ತಾನೇ ಮಾಡುವವನು ವಾಗ್ಗೇಯಕಾರ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳೆನಿಸಿದ ಶ್ಯಾಮಾಶಾಸ್ತ್ರಿಗಳು (1762–1827), ತ್ಯಾಗರಾಜರು (1767–1847) ಹಾಗೂ ಮುತ್ತುಸ್ವಾಮಿ ದೀಕ್ಷಿತರು (1775–1835) ಈ ಮೂವರೂ ತಮಿಳುನಾಡಿನ ತಿರುವಾರೂರು ಎಂಬ ಒಂದೇ ಕ್ಷೇತ್ರದಲ್ಲಿ ಜನಿಸಿದವರು. ಒಂದೇ ನೆಲ, ಒಂದೇ ಕಾಲ. ಆದರೆ ಮೂವರ ನಡೆ ಬೇರೆ ಬೇರೆ.

ಇದನ್ನರಿಯಲು ಕಲ್ಯಾಣಿ ರಾಗವೊಂದೇ ಸಾಕು. ಹಿಂದುಸ್ತಾನಿ ಪದ್ಧತಿಯ ಯಮನ್ ಕೇಳಿದವರಿಗೆ ಇದು ಅಪರಿಚಿತವಲ್ಲ. ಮೊದಲು ತ್ಯಾಗರಾಜರ ‘ನಿಧಿ ಚಾಲ ಸುಖಮಾ’ ಎಂಬ ತೆಲುಗು ಕೃತಿಯನ್ನು ಕೇಳಬೇಕು. ಅರಸನ ಕಾಣಿಕೆಯನ್ನು ನಿರಾಕರಿಸಿದಾಗ ಹುಟ್ಟಿದ್ದೆಂದು ಪರಂಪರೆ ಹೇಳುತ್ತದೆ. ಸಂಪತ್ತು ಹಿರಿದೋ, ದೇವರ ಸಾಮೀಪ್ಯ ಹಿರಿದೋ ಎಂದು ಕವಿ ತನ್ನ ಮನಸ್ಸನ್ನೇ ಪ್ರಶ್ನಿಸುತ್ತಾನೆ. ಪಲ್ಲವಿಯ ಸಾಲು ಸಂಗತಿಯಿಂದ ಸಂಗತಿಗೆ ಬೆಳೆಯುತ್ತ ಹೋದಂತೆ ಆ ಪ್ರಶ್ನೆಯೂ ಕೇಳುಗನ ಎದೆಗೆ ಹತ್ತಿರವಾಗುತ್ತದೆ.

ಬಳಿಕ ದೀಕ್ಷಿತರ ‘ಕಮಲಾಂಬಾಂ ಭಜರೇ’. ತಿರುವಾರೂರಿನ ದೇವಿಯನ್ನು ಕುರಿತ ನವಾವರಣ ಕೃತಿಗಳಲ್ಲಿ ಇದು ಎರಡನೆಯದು. ದೀಕ್ಷಿತರು ವೈಣಿಕರು, ಆದುದರಿಂದ ಸ್ವರಗಳ ನಡುವಿನ ಗಮಕಗಳಿಗೆ ಇಲ್ಲಿ ವಿಶೇಷ ಸ್ಥಾನ. ಸಂಸ್ಕೃತ ಸಾಹಿತ್ಯವು ತೇರಿನಂತೆ ನಿಧಾನವಾಗಿ, ಗಂಭೀರವಾಗಿ ಸಾಗಿ, ಮಧ್ಯಮಕಾಲದಲ್ಲಿ ವೇಗ ಪಡೆಯುತ್ತದೆ.

ಕೊನೆಗೆ ಶ್ಯಾಮಾಶಾಸ್ತ್ರಿಗಳ ‘ಹಿಮಾದ್ರಿಸುತೇ’. ತಂಜಾವೂರಿನ ಬಂಗಾರು ಕಾಮಾಕ್ಷಿಯ ಅರ್ಚಕರಾಗಿದ್ದ ಶಾಸ್ತ್ರಿಗಳ ಸಾಹಿತ್ಯ ಮಿತವಾದದ್ದು. ತಾಯಿಯನ್ನು ಕರೆಯುವ ಮಗುವಿನ ಆರ್ತತೆ ಅದರಲ್ಲಿದೆ. ತಾಳದ ಮೇಲೆ ಅವರಿಗಿದ್ದ ಹಿಡಿತ ಲೋಕವಿಖ್ಯಾತ.

ಹೊಸದಾಗಿ ಕೇಳುವವರಿಗೆ ಅಂಕಿತವೂ ಒಂದು ಗುರುತು. ವಚನಗಳ ಅಂಕಿತವನ್ನು ಬಲ್ಲ ನಮ್ಮ ಓದುಗರಿಗೆ ಇದು ಸುಲಭವಾಗಿ ಮನಗಾಣುವುದು. ತ್ಯಾಗರಾಜರು ತಮ್ಮ ಹೆಸರನ್ನೇ ಇಡುವರು. ದೀಕ್ಷಿತರದು ‘ಗುರುಗುಹ’, ಶಾಸ್ತ್ರಿಗಳದು ‘ಶ್ಯಾಮಕೃಷ್ಣ’.

ವಾರಕ್ಕೊಂದು ಸಂಜೆ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಿರಿ. ಮೊದಲು ಕೃತಿಯ ಅರ್ಥವನ್ನು ಮಕ್ಕಳಿಗೆ ಹೇಳಿ, ಬಳಿಕ ಕೇಳಿಸಿರಿ. ಒಂದು ತಿಂಗಳು ಈ ಮೂರು ಕೃತಿಗಳನ್ನೇ ಮತ್ತೆ ಮತ್ತೆ ಕೇಳಿದರೆ ಕಲ್ಯಾಣಿಯು ಹೆಸರಾಗಿ ಉಳಿಯದೆ ಮನೆಯ ನೆಂಟಳಾಗುವಳು. ಆನಂತರ ತ್ಯಾಗರಾಜರ ಶಿಷ್ಯಪರಂಪರೆಯಲ್ಲಿ ಬಂದ ನಮ್ಮ ಮೈಸೂರು ವಾಸುದೇವಾಚಾರ್ಯರ (1865–1961) ಕೃತಿಗಳತ್ತ ಸಾಗಬಹುದು. ವಿದ್ವತ್ತು ಎಲ್ಲರಿಗೂ ಒದಗದು. ಶ್ರದ್ಧೆಯಿಂದ ಕೇಳುವ ಭಾಗ್ಯಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.