ಅರ್ಜಿ ಅರಬ್ಬಿಯದು, ‘ಕೊಡ್ಲತ್ತೀನಿ’ ಯಾರದು?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಾತಿಗೆ ಉಳಿದ ಕರ್ನಾಟಕದಲ್ಲಿ ಸಿಗುವ ಮರ್ಯಾದೆ ಅಷ್ಟಕ್ಕಷ್ಟೆ. ‘ಅರ್ಧ ಉರ್ದು, ಅರ್ಧ ಮರಾಠಿ’ ಎಂದು ಕಲಿತವರು ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. (ಷರಾ ಎಂಬುದೂ ಅರಬ್ಬಿಯಿಂದಲೇ ಬಂದದ್ದು ಎನ್ನುವುದು ಬೇರೆ ಮಾತು.) ಈ ತೀರ್ಪು ನಿಂತಿರುವುದು ಬರೀ ನಾಮಪದಗಳ ಲೆಕ್ಕದ ಮೇಲೆ. ‘ತಹಶೀಲ್ದಾರ್ ಆಫೀಸಿಗಿ ಅರ್ಜಿ ಕೊಡ್ಲತ್ತೀನ್ರೀ’ ಎಂಬ ಮಾತನ್ನೇ ಬಿಡಿಸಿ ನೋಡಿ. ತಹಶೀಲ್ದಾರ್, ಅರ್ಜಿ ಅರಬ್ಬಿ-ಫಾರಸಿ ಮೂಲದವು, ಆಫೀಸು ಇಂಗ್ಲಿಷಿನದು. ಇವನ್ನು ತೆಗೆದರೆ ಉಳಿಯುವುದು ‘ಗಿ’ ಎಂಬ ವಿಭಕ್ತಿ, ‘ಕೊಡು’ ಎಂಬ ಧಾತು, ‘ಹತ್ತು’ ಸವೆದು ‘ಲತ್ತ’ ಆಗಿ ಕೆಲಸ ನಡೆದಿದೆಯೆಂದು ತಿಳಿಸುವ ನಡುಭಾಗ, ನಾನು ಎನ್ನುವುದನ್ನು ಸೂಚಿಸುವ ಪ್ರತ್ಯಯ, ಕೊನೆಗೆ ಎದುರಿಗಿದ್ದವರಿಗೆ ಗೌರವ ಕೊಡುವ ‘ರೀ’. ಯಾರು, ಯಾರಿಗೆ, ಯಾವಾಗ, ಎಷ್ಟು ಮರ್ಯಾದೆಯಿಂದ ಎಂಬುದನ್ನೆಲ್ಲ ಹೇಳುತ್ತಿರುವುದು ಕನ್ನಡವೇ. ಒಂದು ಸೀಮೆ ಹೊರಗಿನಿಂದ ಏನು ತಂದಿತು ಎಂದು ಎಣಿಸುವವರು, ತಂದದ್ದನ್ನು ಯಾವ ಕಟ್ಟಿನೊಳಗೆ ಕೂರಿಸಿತು ಎಂಬುದನ್ನೂ ನೋಡಬೇಕು.

ಹೀಗೆ ಕೂರಿಸುವ ಕೆಲಸ ಬೀದರ್ ಜಿಲ್ಲೆಗಷ್ಟೇ ಸೇರಿದ್ದೂ ಅಲ್ಲ. ಅರಬ್ಬಿಯ ‘ಬದಲ್’ ಕನ್ನಡದಲ್ಲಿ ‘ಬದಲಾಯಿಸು’ ಆಗಿ ಮೈಸೂರಿನ ಅಡುಗೆಮನೆಯಲ್ಲೂ ಓಡಾಡುತ್ತಿದೆ. ಗಡಿಯಲ್ಲಿ ಅದು ಹೆಚ್ಚು ಕಾಣುವುದಕ್ಕೆ ಕಾರಣ ಸರಳ: ಹುಮನಾಬಾದ್ ಇರುವುದು ಸೊಲ್ಲಾಪುರ-ಹೈದರಾಬಾದ್ ದಾರಿಯಲ್ಲಿ, ಉದಗೀರ, ನಿಲಂಗಾ, ಜಹೀರಾಬಾದ್ 1956ರವರೆಗೂ ಇದೇ ಬೀದರ್ ಜಿಲ್ಲೆಯಲ್ಲಿದ್ದವು. ಸಾಲ ಒಮ್ಮುಖವೂ ಆಗಿರಲಿಲ್ಲ. ಇಲ್ಲಿನ ದಖನಿ ಉರ್ದುವಿನಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುವಾಗ ಆ ‘ಬೋಲ್ಕೆ’ ಮಾಡುತ್ತಿರುವುದು ‘ಬರ್ತೀನಿ ಅಂತ ಅಂದ’ ಎಂಬಲ್ಲಿನ ‘ಅಂತ’ದ ಕೆಲಸ. ಬೇಡ ಎನ್ನಲು ದಖನಿಗೆ ‘ನಕ್ಕೋ’ ಕೊಟ್ಟದ್ದು ಮರಾಠಿ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಅಧ್ಯಯನ ನಡೆಸಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲೇ ತೋರಿಸಿದಂತೆ, ಕನ್ನಡ, ಮರಾಠಿ, ಉರ್ದು ಆಡುವವರು ಶತಮಾನಗಳ ಕಾಲ ಒಂದೇ ಊರಲ್ಲಿ ಬದುಕಿದಾಗ ಅವರ ವಾಕ್ಯಗಳ ಅಚ್ಚು ಹತ್ತಿರ ಹತ್ತಿರ ಬರುತ್ತದೆ. ಆದರೂ ಮನೆಮಾತು ಅಳಿಯದೆ ಬೇರೆಬೇರೆಯಾಗಿಯೇ ಉಳಿದಿತ್ತು.

ಕಟ್ಟಡಗಳಲ್ಲೂ ಇದೇ ನಡೆ. ಕಲ್ಯಾಣದ ಚಾಲುಕ್ಯರದೆಂದು ನಾವು ಹೆಮ್ಮೆಪಡುವ ಶೈಲಿಯೇ ದಕ್ಷಿಣದ ದ್ರಾವಿಡ ಮತ್ತು ಉತ್ತರದ ನಾಗರ ಪದ್ಧತಿಗಳು ಕೂಡಿ ಬೆಳೆದದ್ದು. ಹುಮನಾಬಾದ್ ತಾಲ್ಲೂಕಿನ ಜಲಸಂಗವಿ ಗುಡಿಯ ಗೋಡೆಯ ಮೇಲೆ ಬೆನ್ನು ತಿರುಗಿಸಿ ನಿಂತು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ಸಂಸ್ಕೃತ. ಅದೇ ಅರಸುಮನೆತನದ ಶಾಸನಗಳಲ್ಲಿ ಬಹುಪಾಲು ಕನ್ನಡ. ಮುಂದೆ ಬಹಮನಿಗಳ ಕಾಲದಲ್ಲಿ ಕಮಾನೂ ಗಚ್ಚೂ ಇಲ್ಲಿನ ಕಟ್ಟಡಗಳಿಗೆ ಮೈಗೂಡಿದವು. ಉಳ್ಳವರ ಮನೆಯ ಹೆಸರು ಮರಾಠಿಯ ‘ವಾಡೆ’, ಬಂದವರನ್ನು ಕೂರಿಸುವ ಜಾಗ ‘ದಿವಾನಖಾನೆ’. ಒಳಗೆ ಹೋದಂತೆ ಪಡಸಾಲಿ, ಜಗಲಿ, ಒಲಿ.

ಇದಕ್ಕೆ ಗಟ್ಟಿಯಾದ ತಕರಾರೊಂದಿದೆ. ಈ ಬೆರಕೆ ಜನ ಒಲಿದು ಮಾಡಿಕೊಂಡದ್ದಲ್ಲ, ನಿಜಾಮರ ಆಡಳಿತ ಹೇರಿದ್ದು. ಅದನ್ನು ಸೌಹಾರ್ದವೆಂದು ಹಾಡಿ ಹೊಗಳುವುದು ಗಾಯಕ್ಕೆ ಬಣ್ಣ ಬಳಿದಂತೆ ಎನ್ನುತ್ತಾರೆ. ಇದರಲ್ಲಿ ಸತ್ಯ ಬಹಳವಿದೆ. 1948ರವರೆಗೆ ಕಚೇರಿಯ, ಶಾಲೆಯ ಭಾಷೆ ಉರ್ದು. ಪಕ್ಕದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. ಆದರೆ ಅದೇ ನಿಜಾಮರ ಸೀಮೆಯಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (1817-1865) ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದರು. ಅವರ ಪಂಥದ ಹೆಸರೇ ಸಕಲಮತ. ಅವರಿಗೆ ಹೀಗೆ ಹಾಡಿರೆಂದು ಯಾವ ಸರ್ಕಾರವೂ ಹುಕುಂ ಹೊರಡಿಸಿರಲಿಲ್ಲ. ಶಾಲೆಯಿಂದ ಕನ್ನಡವನ್ನು ಹೊರಗಿಟ್ಟದ್ದು ಅನ್ಯಾಯ. ಸಂತೆಯಲ್ಲಿ, ಭಜನೆಯಲ್ಲಿ ನಾಲ್ಕು ಭಾಷೆ ಕೂಡಿದ್ದು ಬದುಕು. ಮೊದಲನೆಯದರ ಸಿಟ್ಟನ್ನು ಎರಡನೆಯದರ ಮೇಲೆ ತೀರಿಸಿಕೊಂಡರೆ ಪೆಟ್ಟು ಬೀಳುವುದು ಆ ಕಾಲದಲ್ಲೂ ಮನೆಯಲ್ಲಿ ಕನ್ನಡ ಉಳಿಸಿಕೊಂಡವರಿಗೇ.

ಇನ್ನೊಂದು ಮಾತು ವಚನಗಳ ಹೆಸರಿನಲ್ಲಿ ಬರುತ್ತದೆ: ಬಸವಣ್ಣನವರ ಅಚ್ಚಗನ್ನಡ ಮೊಳಗಿದ ಊರಲ್ಲಿ ಈಗ ಇಂಥ ಮಾತೇ ಎಂದು. ನಾವು ಓದುವ ವಚನಗಳು ಹದಿನೈದನೆಯ ಶತಮಾನದ ಸಂಕಲನಕಾರರ, ಮುಂದೆ 1923ರಲ್ಲಿ ‘ವಚನಶಾಸ್ತ್ರಸಾರ’ ತಂದ ಫ.ಗು. ಹಳಕಟ್ಟಿಯವರಂಥ ಸಂಪಾದಕರ ಕೈದಾಟಿ ಬಂದವು. ಹನ್ನೆರಡನೆಯ ಶತಮಾನದ ಬೀದಿಮಾತು ಅವುಗಳಲ್ಲಿ ಯಥಾವತ್ತಾಗಿ ಉಳಿದಿದೆ ಎನ್ನಲಾಗದು. ಆ ಕಲ್ಯಾಣವೂ ಒಂದೇ ನುಡಿಯ ಊರಾಗಿತ್ತೆಂದು ನಂಬುವುದು ಕಷ್ಟ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದರೆಂದು ಶರಣ ಪರಂಪರೆಯೇ ಹೇಳುತ್ತದೆ. ಅದಕ್ಕೂ ಮೊದಲು ಇಲ್ಲಿ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುತ್ತ ಹಾಡುವ ಓವಿಯ ಪ್ರಸ್ತಾಪವಿದೆ.

ಹಾಗಾದರೆ ಶಿಷ್ಟ ಕನ್ನಡ ಬೇಡವೇ? ಬೇಕು. ಬೀದರಿನ ಹುಡುಗಿ ಚಾಮರಾಜನಗರದ ಓದುಗರಿಗೆ ಬರೆಯುವಾಗ ‘ಮನೆಗೆ’ ಎಂದೇ ಬರೆಯಲಿ. ಆದರೆ ತರಗತಿಯಲ್ಲಿ ಎದ್ದುನಿಂತು ‘ಮನಿಗಿ ಹೋಗ್ಲತ್ತೀನ್ರೀ’ ಎಂದಾಗ ತಿದ್ದುವುದಕ್ಕೆ ಅಲ್ಲಿ ತಪ್ಪೇನೂ ಇಲ್ಲ. ಇದೇ ನ್ಯಾಯ ತರಗತಿಯ ಆಚೆಗೂ ಸಲ್ಲುತ್ತದೆ. ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಚಾಲುಕ್ಯ ಶೈಲಿಯ 770 ಕಂಬಗಳ ಯೋಜನೆ ಅದು. ನೋಡಬಂದವರಿಗೆ ಅಲ್ಲಿ ವಚನದ ಅರ್ಥ ಬಿಡಿಸಿ ಹೇಳುವ ಕೆಲಸವನ್ನು ಆ ಊರಿನವರಿಗೇ, ಅವರದೇ ಮಾತಿನಲ್ಲಿ ಮಾಡಲು ಬಿಟ್ಟರೆ ಯೋಜನೆಗೆ ಹೆಚ್ಚಿನ ಖರ್ಚೇನೂ ಬೀಳದು.